ತಿಮಿಂಗಿಲದ ಬಾಲದೊಳಗೆ

ಏಪ್ರಿಲ್ ೧೧, ಸೋಮವಾರ ಮಧ್ಯಾಹ್ನ
(ಅಂಗಡಿಗೆ ವಾರದ ರಜೆ)

ನನ್ನ ಗುಬ್ಬಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಅವಳ ಮಂಡಿನೋವು ಹಾಗೇ ಇದೆ, ನನ್ನ ಕುಂಟು ಸ್ವಲ್ಪ ಜಾಸ್ತಿಯಾಗಿದೆ, ಇಬ್ಬರ ಬಾಯಿಗೂ ಏನೂ ಆಗಿಲ್ಲ. ಹಡಗಿನಲ್ಲಿ ನಿನಗೆ ಹೊಟ್ಟೆ ತೊಳೆಸುವುದು ನಿಂತಿತೇ? ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಕೂತರೇ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ ನೀನು. ಸಮುದ್ರಕ್ಕೆ ಕಿಟಕಿ ಎಲ್ಲಿಂದ ತರುತ್ತೀಯೆಂದು ಅಮ್ಮ ದಿನಾ ಕೇಳುತ್ತಾಳೆ, ಉತ್ತರ ನನಗೆ ಗೊತ್ತಿರುವ ಹಾಗೆ.

ನೀನು ಅಮ್ಮನಿಗೆ ಬರೆದ ಕಾರ್ಡು ಬಂದು ಬಹಳ ದಿನವಾಯಿತು. ಅದರ ಕೊನೆಯಲ್ಲಿ 'ಅಪ್ಪನಿಗೂ ಹೇಳು' ಎಂದು ಒಂದು ಸಾಲಿತ್ತಲ್ಲ, ಇದು ಆ ಸಾಲಿಗೆ ಉತ್ತರ. ಒಂದು ಸಾಲಿಗೆ ಇಷ್ಟುದ್ದದ ಉತ್ತರವೇ ಎಂದು ನಗಬೇಡ. ತಡವಾಗಿದ್ದಕ್ಕೆ ಬಯ್ಯಲೂ ಬೇಡ. ಕೆಲಸದಿಂದ ತಡವಾಗಲಿಲ್ಲ. ಬರೆಯಲು ಕೂತಾಗಲೆಲ್ಲ ಇಂಗು ತಿಂದ ಮಂಗನ ಹಾಗೆ ಆಗುತ್ತಿತ್ತು. ಈಗಲೂ ಹಾಗೇ ಇದೆ, ಆದರೆ ಇನ್ನು ತಡಮಾಡಿದರೆ ನೀನೇ ಬಂದುಬಿಡುತ್ತೀಯ. ಅಥವಾ ಬರುವುದಿಲ್ಲ. ಅದೇ ಗೊತ್ತಾಗುತ್ತಿಲ್ಲ ನನಗೆ.

ಹೊರಡುವ ವಾರ ಊಟಕ್ಕೆ ಕೂತಾಗ ನೀನು ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದೆಯಲ್ಲ, "ಅಪ್ಪಾ, ಅಷ್ಟೊಂದು ಕುರಿ ಕಡೀತೀಯ, ನಿಂಗೆ ಏನೂ ಅನ್ಸೋದೇ ಇಲ್ವಾ?" ಅಂತ. ಆಗ ನಾನು "ಊಟ ಮಾಡು, ಆರಿಹೋಗುತ್ತೆ" ಎಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತು. ಹೊರಟ ದಿನ ನೀನು ಅಮ್ಮನನ್ನು ತಬ್ಬಿಕೊಂಡೆ, ನನಗೆ ಬಾಗಿಲಿನಿಂದಲೇ ಕೈ ಬೀಸಿದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಹೇಳಿದರೆ ನೀನು ಹಡಗು ದಡ ಸೇರಿದ ಮೇಲೆ ಮನೆಗೆ ಬರುತ್ತೀಯೇನೋ ಎಂಬ ಆಸೆ ನನಗೆ. ಉತ್ತರ ಹುಡುಕಿಕೊಂಡು ಹೋದವನು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಹೇಳಿದರೆ ನೀನು ನಂಬುವುದಿಲ್ಲ. ನಾನು ನಿನ್ನ ತಿಮಿಂಗಿಲಗಳ ಪಕ್ಷ ಸೇರಿದ್ದೇನೆ.

ಚಳಿಗಾಲದಲ್ಲಿ ನಿನ್ನ ಸುದ್ದಿಯೇ ಇರಲಿಲ್ಲ. ಒಂದು ಸೋಮವಾರ ಚೆನ್ನಾಗಿ ಸ್ನಾನ ಮಾಡಿ, ನಿಂಬೆಹಣ್ಣಿನ ಸಿಪ್ಪೆಯಲ್ಲಿ ಕೈ ಉಜ್ಜಿಕೊಂಡು, ಊರಿನ ಆಚೆ ತುದಿಯಲ್ಲಿರುವ ನಿಮ್ಮ ತಿಮಿಂಗಿಲ ಉಳಿಸುವ ಸಂಘದ ಆಫೀಸಿಗೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಹಡಗು ಎಲ್ಲಿದೆಯೆಂದು ಕೇಳಿಕೊಂಡು ಬಂದುಬಿಡುವುದು ನನ್ನ ಉದ್ದೇಶ. ಒಳಗೆ ಗೋಡೆ ತುಂಬ ನೀಲಿ ಭೂಪಟ, ಅದರ ಮೇಲೆ ಕೆಂಪು ತಲೆಯ ಒಂದು ಗುಂಡುಸೂಜಿ. ಅದೇ ನಿಮ್ಮ ಹಡಗಂತೆ. ಸುತ್ತ ಏನೂ ಇಲ್ಲದ ನೀರಿನ ನಡುವೆ ಚುಚ್ಚಿದ್ದರು. ಪಕ್ಕದಲ್ಲಿ ಹಡಗಿನವರೆಲ್ಲರ ಫೋಟೋ. ನೀನು ಹಳದಿ ಕೋಟು ಹಾಕಿಕೊಂಡು, ಕೂದಲು ಗಾಳಿಗೆ ಕೊಟ್ಟು ನಗುತ್ತಿದ್ದೆ. ಸಣ್ಣಗಾಗಿದ್ದೀಯ.

ಅಲ್ಲಿಯ ಕಾರ್ಯದರ್ಶಿಯನ್ನು ನೀನು ಬಲ್ಲೆ, ಜಡೆಗೆ ಪೆನ್ನು ಸಿಕ್ಕಿಸಿಕೊಂಡು ಮೇಜಿನ ಮೇಲೆಲ್ಲ ಆ ಪೆನ್ನನ್ನೇ ಹುಡುಕುವ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಆಕೆ ನಾನು ಸಹಿ ಹಾಕಲು ಬಂದವನೆಂದುಕೊಂಡು ಕುರ್ಚಿ ಎಳೆದು ಕೂರಿಸಿದಳು. ಫೋಟೋದಲ್ಲಿದ್ದವರ ವಿಷಯ ಒಬ್ಬೊಬ್ಬರದಾಗಿ ಹೇಳಿದಳು. ನಾನು ನಿನ್ನ ಅಪ್ಪ ಎಂದು ಹೇಳಲಿಲ್ಲ. ಯಾಕೆ ಎಂಬುದು ಈಗ ಬೇಡ.

"ನಾಲ್ಕು ದೇಶದೋರು ತಿಮಿಂಗಿಲ ಹೊಡೆಯೋ ತಪ್ಪಿಗೆ ನಮ್ಮ ಸಹಿ ಯಾಕೆ?" ಎಂದು ಕೇಳಿದೆ. ದೇಶಗಳೆಲ್ಲ ಸೇರಿ ಮತ ಹಾಕುವ ಸಭೆ ಇದೆಯಂತೆ, ವ್ಯಾಪಾರಕ್ಕಾಗಿ ತಿಮಿಂಗಿಲ ಹೊಡೆಯುವುದು ಬೇಡವೆಂದು ನಮ್ಮ ಮಂತ್ರಿ ಅಲ್ಲಿ ಕೈ ಎತ್ತಬೇಕಂತೆ, ಎತ್ತುವ ಹಾಗೆ ಮಾಡುವುದು ನಮ್ಮ ಸಹಿಯಂತೆ. "ಅಷ್ಟು ದೊಡ್ಡ ಮೀನಿಗೆ ನಮ್ಮ ಸಹಿ ಸಾಲುತ್ತಾ?" ಎಂದೆ. ಆಕೆ ಪಾಠ ಶುರುಮಾಡಿದಳು. "ಮೀನಲ್ಲ ಯಜಮಾನ್ರೇ. ನಮ್ಮ ಹಾಗೇ ಉಸಿರಾಡುತ್ತೆ. ಮರಿ ಹಾಕುತ್ತೆ, ಹಾಲು ಕುಡಿಸುತ್ತೆ." ಕೈಗೊಂದು ಕರಪತ್ರ ಕೊಟ್ಟಳು. ಅದರಲ್ಲಿ ಒಂದು ಸಾಲು ಇತ್ತು. ಬೇಟೆಯಲ್ಲಿ ಸಿಕ್ಕ ಹೆಣ್ಣು ತಿಮಿಂಗಿಲಗಳಲ್ಲಿ ಎಷ್ಟೋ ಗಬ್ಬದವು.

ನಮ್ಮ ಅಂಗಡಿಯ ಕಟ್ಟುಪಾಡು ನಿನಗೆ ಗೊತ್ತೇ ಇದೆ. ನಿನ್ನ ತಾತ ನನಗೆ ಕತ್ತಿ ಕೊಡುವ ಮೊದಲು ಎರಡು ವರ್ಷ ಬರೀ ಹೊಟ್ಟೆ ಮುಟ್ಟುವುದನ್ನು ಕಲಿಸಿದ. ಕುರಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟು, ಮೆಲ್ಲಗೆ ಎತ್ತಿ, ಬಿಟ್ಟು, ಕಾಯಬೇಕು. ಒಳಗಿನದು ತಿರುಗಿ ಬಂದು ಕೈಗೆ ತಾಗಿದರೆ ಆ ಕುರಿಯನ್ನು ಹಿತ್ತಿಲಲ್ಲಿ ಕಟ್ಟಿ, ತಂದವನಿಗೆ ವಾಪಸ್ಸು ಕೊಡಬೇಕು. ಅವನು ಬಯ್ದರೂ ಸರಿ. ನೀನೂ ಸ್ಕೂಲಿನಿಂದ ಬಂದವಳೇ ಕುರಿಗಳ ಹೊಟ್ಟೆ ಮುಟ್ಟುತ್ತಿದ್ದೆ. "ಇದೂ ಗಬ್ಬ ಅಪ್ಪಾ, ಇದೂ ಗಬ್ಬ!" ಎಂದು ಒಂದೊಂದನ್ನೇ ಹಿತ್ತಿಲಿಗೆ ಎಳೆಯುತ್ತಿದ್ದೆ. ಒಮ್ಮೆ ಟಗರಿಗೂ ಗಬ್ಬ ಎಂದೆ. ಕೊಂಬು ಹಿಡಿದುಕೊಂಡು ಅಳುತ್ತ ನಿಂತಿದ್ದೆ, ನಾನು ನಕ್ಕೂ ನಕ್ಕೂ ಸುಸ್ತಾದೆ. ಆಗ ನಗಬಾರದಿತ್ತೋ ಏನೋ.

ಸಮುದ್ರದ ನಡುವೆ ಯಾರು ಹೊಟ್ಟೆ ಮುಟ್ಟಿ ನೋಡುತ್ತಾರೆ? ದೂರದಿಂದ ಸಿಡಿಮದ್ದಿನ ಈಟಿ ಹೊಡೆದು, ಅದು ಸಾಯುವ ತನಕ ಹಗ್ಗ ಹಿಡಿದು ಕಾಯುತ್ತಾರಂತೆ. ಓದಿ ಮುಗಿಸಿ ಪೆನ್ನು ಕೇಳಿದೆ. ಸಹಿ ಹಾಕಿದೆ. ನನ್ನ ಸಹಿ ನೀನು ನೋಡಿದ್ದೀಯಲ್ಲ, ಹಾಕಿದವನೇ ಓದಲಾರ, ಹಾಗಾಗಿ ಆಕೆಗೆ ಯಾರ ಅಪ್ಪನೆಂದು ತಿಳಿಯುವ ಭಯ ಇರಲಿಲ್ಲ. ಹೊರಡುವಾಗ ಒಂದು ಕಟ್ಟು ಕರಪತ್ರ, ಸಹಿ ಹಾಳೆ ಕೊಟ್ಟು, "ನಿಮ್ಮ ಕಡೆ ಹಂಚಿ" ಎಂದಳು. ಮುಂದಿನ ಸೋಮವಾರ ಮತ್ತೆ ಹೋದೆ. ಅದರ ಮುಂದಿನ ಸೋಮವಾರವೂ. ಕರಪತ್ರ ಬರೀ ನೆಪ. ಗುಂಡುಸೂಜಿ ಎಲ್ಲಿಗೆ ಬಂತು ಎಂದು ನೋಡುವುದಿತ್ತು.

ಈಗ ಹಂಚಿದ ಕತೆ. ನನಗೆ ಅನ್ನಿಸಿದ್ದು ಇಷ್ಟು: ಗೋಡೆಗೆ ಅಂಟಿಸಿದರೆ ಯಾರೂ ಓದುವುದಿಲ್ಲ, ಕೈಗೆ ಕೊಟ್ಟರೆ ಮೂಲೆ ತಿರುಗುತ್ತಲೇ ಎಸೆಯುತ್ತಾರೆ. ಆದರೆ ಮಾಂಸದ ಪೊಟ್ಟಣವನ್ನು ಪ್ರತಿಯೊಬ್ಬರೂ ಮನೆವರೆಗೆ ಒಯ್ಯುತ್ತಾರೆ, ಅಡುಗೆಮನೆಯಲ್ಲಿ ಬಿಚ್ಚಿಯೇ ಬಿಚ್ಚುತ್ತಾರೆ. ಸರಿ, ಒಳಗೆ ಮೇಣದ ಕಾಗದ, ಹೊರಗೆ ನಿಮ್ಮ ಕರಪತ್ರ ಸುತ್ತಿ ಕೊಡತೊಡಗಿದೆ. ಗುಬ್ಬಿ, ಜನ ಓದಿದರು! ಮರುವಾರ ಬಂದವರು, "ಅಲ್ರೀ, ಅದು ಹಾಡುತ್ತಂತೆ, ನಿಜಾನಾ?" ಎಂದು ಕೇಳಿದರು. ತಕ್ಕಡಿ ಪಕ್ಕದಲ್ಲಿ ಹಾಳೆ ಇಟ್ಟಿದ್ದೆ, ಸಹಿ ಹಾಕಿದರು. ನನಗಂತೂ ಊರು ಗೆದ್ದಷ್ಟು ಖುಷಿ.

ಎದುರಿನ ಕ್ಷೌರದವನು ಗೊತ್ತಲ್ಲ, ಅವನ ಕತ್ತರಿಗಿಂತ ನಾಲಗೆ ಹರಿತ. "ಓದೋದು ಶಾಸ್ತ್ರ ಇಕ್ಕೋದು ಗಾಳ ಅಂತಾರೆ. ನೀನು ಗಾಳವನ್ನೇ ಶಾಸ್ತ್ರದಲ್ಲಿ ಸುತ್ತಿ ಕೊಡ್ತಿದೀಯಲ್ಲೋ" ಎಂದ. "ಬಾಯ್ಮುಚ್ಚಿ ಸಹಿ ಹಾಕು" ಎಂದೆ. ಹಾಕಿದ. ಅವನ ಮಾತು ಆಗ ತಮಾಷೆಯಾಗಿತ್ತು, ಆಮೇಲೆ ಮುಳ್ಳಾಯಿತು.

ಮೇಣದ ಕಾಗದ ಎಷ್ಟೇ ಒಳ್ಳೆಯದಾದರೂ ರಕ್ತ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಯಾರೋ ಬಿಸಾಡಿದ ಒಂದು ಕರಪತ್ರ ನಿಮ್ಮ ಸಂಘದ ಒಬ್ಬ ಹೆಂಗಸಿಗೆ ಬೀದಿಯಲ್ಲಿ ಸಿಕ್ಕಿತಂತೆ. ತಿಮಿಂಗಿಲದ ಚಿತ್ರದ ಕಣ್ಣಿನ ಜಾಗದಲ್ಲಿ ಸರಿಯಾಗಿ ರಕ್ತ. ಬೇಟೆಗಾರರ ಕಡೆಯವರು ಬೆದರಿಕೆ ಹಾಕಿದ್ದಾರೆಂದು ಆಫೀಸಿನಲ್ಲಿ ಕೋಲಾಹಲವಂತೆ, ಒಬ್ಬರು ಪೊಲೀಸರಿಗೆ ಹೇಳೋಣ ಎಂದರಂತೆ. ಕಾರ್ಯದರ್ಶಿ ಮಾತ್ರ ಮೂಸಿ ನೋಡಿ, "ಇದು ಕುರಿ ಮಾಂಸದ ವಾಸನೆ" ಎಂದು ನಮ್ಮ ಕಡೆಯ ಬೀದಿಗಳನ್ನೆಲ್ಲ ಸುತ್ತಿದಳು. ನಮ್ಮ ಅಂಗಡಿಗೆ ಬಂದಾಗ ನಾನು ಒಂದು ತೊಡೆ ತುಂಡು ಮಾಡುತ್ತಿದ್ದೆ.

"ನೀವಾ?" ಎಂದಳು.

"ನಾನೇ" ಎಂದೆ.

"ನೀವು ಮಾಂಸದ ಅಂಗಡಿಯೋರು ಅಂತ ಹೇಳ್ಲೇ ಇಲ್ಲ."

"ನೀವು ಕೇಳ್ಲಿಲ್ಲವಲ್ಲ."

ಆಕೆ ಒಮ್ಮೆ ಕೊಕ್ಕೆಗೆ ನೇತುಹಾಕಿದ್ದನ್ನು ನೋಡಿದಳು, ಒಮ್ಮೆ ತಕ್ಕಡಿ ಪಕ್ಕದ ಹಾಳೆಯ ಮೇಲಿನ ತಿಮಿಂಗಿಲವನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು. ಜಡೆಯಿಂದ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. "ಇದನ್ನ ಹೇಗೆ ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ" ಎಂದಳು. ನನಗೂ ಗೊತ್ತಾಗುತ್ತಿಲ್ಲ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ನಿಮ್ಮಮ್ಮ ಒಳಗಿನಿಂದ ಬಂದು, "ಯಾರು? ಹಡಗಿನ ಆಫೀಸಿನೋರಾ? ನಮ್ಮ ಮಗ..." ಎಂದು ಶುರುಮಾಡಿದಳು. ನಾನು ಅವಳ ಕಾಲು ತುಳಿದೆ. ಮಾತು ಅಯ್ಯೋ ಎಂದು ಮುಗಿಯಿತು. ಆ ಕಾಲಿನ ಲೆಕ್ಕ ನಮ್ಮಿಬ್ಬರ ನಡುವೆ ಇನ್ನೂ ಚುಕ್ತಾ ಆಗಿಲ್ಲ.

ಅಮ್ಮ ಕರೆಯುತ್ತಿದ್ದಾಳೆ. ಮಿಕ್ಕಿದ್ದು ಆಮೇಲೆ.

ಬುಧವಾರ, ಸಂಜೆ

ಎಲ್ಲಿಗೆ ನಿಲ್ಲಿಸಿದ್ದೆ? ಕಾಲು ತುಳಿದಲ್ಲಿಗೆ.

ನನ್ನ ವಿಷಯ ತೀರ್ಮಾನಿಸಲು ಸಂಘದವರು ಸಭೆ ಕರೆದರು. ನನ್ನನ್ನೂ ಕರೆದರು. ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿ ಭೂಪಟದ ಕೆಳಗೆ ಕೂತೆ. ಗುಂಡುಸೂಜಿ ಸ್ವಲ್ಪ ದಕ್ಷಿಣಕ್ಕೆ ಸರಿದಿತ್ತು. ಅಲ್ಲಿ ಒಬ್ಬ ಗಡ್ಡದವನಿದ್ದಾನೆ, ಮೆರವಣಿಗೆಗೆಂದು ಬಟ್ಟೆಯ ತಿಮಿಂಗಿಲ ಹೊಲಿಸುತ್ತಿರುವವನು. ಅವನಿಗೆ ನನ್ನ ಮೇಲೆ ಭಾರಿ ಸಿಟ್ಟು.

"ಪತ್ರಿಕೆಯೋರಿಗೆ ಗೊತ್ತಾದ್ರೆ ಏನ್ ಬರೀತಾರೆ? ತಿಮಿಂಗಿಲಕ್ಕೆ ಕಣ್ಣೀರಿಟ್ಟ ಕಟುಕ ಅಂತ. ನಾವೆಲ್ಲ ನಗೆಪಾಟಲು" ಎಂದ.

ಕಟುಕ ಎಂಬ ಮಾತು ನನಗೆ ಹೊಸದಲ್ಲ. ಕರುಣೆಯಿಲ್ಲದವನನ್ನು ಬಯ್ಯಬೇಕಾದರೆ ಊರಿನವರೆಲ್ಲ ನನ್ನ ಕಸುಬಿನ ಹೆಸರನ್ನೇ ಎತ್ತಿಕೊಳ್ಳುತ್ತಾರೆ. ಕುರಿ ಕಟುಕನನ್ನೇ ನಂಬುವುದು ಎಂಬ ಗಾದೆಯೂ ಇದೆ. ನಿಜವೇ, ನಂಬುತ್ತದೆ. ದಿನಾ ನೋಡುತ್ತೇನೆ.

"ಹಾಗಾದ್ರೆ ನೀವು ಯಾಕೆ ಬಂದ್ರಿ? ನಿಮಗೂ ತಿಮಿಂಗಿಲಕ್ಕೂ ಏನು ಸಂಬಂಧ?" ಎಂದು ಗಡ್ಡದವನು ಕೇಳಿದ.

ಎಲ್ಲರೂ ನನ್ನ ಮುಖ ನೋಡಿದರು. ನಿನ್ನ ಫೋಟೋ ಅವನ ತಲೆಯ ಹಿಂದೆಯೇ ಇತ್ತು. ಬೆರಳು ತೋರಿಸಿ ಎರಡು ಮಾತು ಹೇಳಿದ್ದರೆ ಸಾಕಿತ್ತು, ಅವನೇ ಎದ್ದು ಬಂದು ಕೈ ಕುಲುಕುತ್ತಿದ್ದ. ಹೇಳಲಿಲ್ಲ. ಅದರ ಬದಲು ಹೊಟ್ಟೆ ಮುಟ್ಟಿ ನೋಡುವ ಕಟ್ಟುಪಾಡು ಹೇಳಿದೆ, ತಾತನ ವಿಷಯ ಹೇಳಿದೆ, ಎಲ್ಲೆಲ್ಲೋ ಹೋಗಿ ಟಗರಿನ ವಿಷಯವನ್ನೂ ಹೇಳಿಬಿಟ್ಟೆ, ಯಾರ ಮಗು ಎಂದು ಮಾತ್ರ ಬಿಟ್ಟು.

ಗಡ್ಡದವನು ಗಮನವಿಟ್ಟು ಕೇಳಿದ. ಆಮೇಲೆ ಶಾಂತವಾಗಿ, "ಹಾಗಾದ್ರೆ ಗಬ್ಬ ಇಲ್ದಿರೋ ತಿಮಿಂಗಿಲ ಕೊಂದ್ರೆ ಪರವಾಗಿಲ್ವಾ?" ಎಂದ.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಗೊತ್ತಿಲ್ಲ" ಎಂದೆ. "ಪರವಾಗಿಲ್ಲ ಅಂತ ಅನ್ಸಲ್ಲ. ಆದ್ರೆ ಯಾಕೆ ಅನ್ಸಲ್ಲ ಅಂತ ಕೇಳ್ಬೇಡಿ. ಯಾಕಂದ್ರೆ ಆಮೇಲೆ ಕುರಿ ಬಗ್ಗೆ ಕೇಳ್ತೀರಿ."

ಕಾರ್ಯದರ್ಶಿ ಅಡ್ಡಬಂದಳು. ತಿಮಿಂಗಿಲ ಮರಿ ಹಾಕುವುದೇ ಅಪರೂಪ, ಹಾಕಿದರೆ ಒಂದು, ಕುರಿಯ ಹಾಗೆ ಸಾಕಿ ಬೆಳೆಸುವುದಲ್ಲ, ಮುಗಿದರೆ ಮುಗಿಯಿತು ಎಂದಳು. ಅದು ಸರಿಯೆನ್ನಿಸಿತು. ಆದರೆ ಒಬ್ಬರು, ಬರೀ ಲೆಕ್ಕದ ಮಾತಾದರೆ ಹೆಚ್ಚಿದ ಮೇಲೆ ಹೊಡೆಯಬಹುದೇ ಎಂದು ಕೇಳಿದರು. ಇನ್ನೊಬ್ಬರು ಹಾಗಲ್ಲ, ನೋವಿನ ಮಾತು ಎಂದರು. ನೋವು ಎಂದ ಕೂಡಲೇ ಯಾರೋ ಮೊಟ್ಟೆ ತಿನ್ನುವವರ ವಿಷಯ ಎತ್ತಿದರು, ಇನ್ಯಾರೋ ಚರ್ಮದ ಬೆಲ್ಟಿನ ವಿಷಯ. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಪಕ್ಕದವರ ಚಪ್ಪಲಿ ನೋಡತೊಡಗಿದರು. ನನ್ನದು ರಬ್ಬರಿನದು. ಆ ಸಭೆಯಲ್ಲಿ ತಲೆ ಎತ್ತಿ ಕೂತವನು ನಾನೊಬ್ಬನೇ ಆಗಿಬಿಟ್ಟೆ, ನನಗೇ ನಾಚಿಕೆಯಾಯಿತು.

ಕೊನೆಗೆ ಹೀಗೆ ತೀರ್ಮಾನವಾಯಿತು. ನನ್ನ ಅಂಗಡಿಯಲ್ಲಿ ಬಿದ್ದ ಸಹಿಗಳು ಹಾಕಿದವರದು, ಅವು ಇರಲಿ. ಪೊಟ್ಟಣ ಸುತ್ತುವುದು ಬೇಡ. ಮೆರವಣಿಗೆಗೆ ನಾನು ಬರಬಹುದು, ಆದರೆ ಯಾರ ಕಣ್ಣಿಗೂ ಬೀಳದ ಹಾಗೆ. "ಬಾಲಕ್ಕೆ ಇನ್ನೊಬ್ಬರು ಬೇಕು" ಎಂದ ಗಡ್ಡದವನು.

ಹೋದ ಶನಿವಾರ ಮೆರವಣಿಗೆ. ಬೆತ್ತದ ಬಳೆಗಳ ಮೇಲೆ ನೀಲಿ ಟಾರ್ಪಾಲಿನ್ ಹೊದಿಸಿದ ತಿಮಿಂಗಿಲ, ನಮ್ಮ ಬೀದಿಯ ಅರ್ಧ ಉದ್ದ. ಒಳಗೆ ಕೋಲು ಹಿಡಿದ ಜನ, ಹೊರಗೆ ಕಾಣುವುದು ಕಾಲು ಮಾತ್ರ. ಅದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಏನು ಮಾಡಿತು ಹೇಳಲೇ? ಬೆನ್ನಿನ ಕೀಲು ಎಲ್ಲಿ ಬರಬಹುದು, ಕತ್ತಿ ಎಲ್ಲಿಂದ ಹಾಕಬೇಕು ಎಂದು ಅಳೆಯಿತು. ನಾನು ಬೇಡವೆಂದರೂ ಅಳೆಯಿತು. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಬಾಲದಲ್ಲಿ ನಾನು ಮತ್ತು ಗಡ್ಡದವನು. ಮುಂದಿನವರಿಗೆ ಬಾಯಿಯ ಜಾಲರಿಯಿಂದ ದಾರಿ ಕಾಣುತ್ತದೆ, ನಮಗೆ ಏನೂ ಇಲ್ಲ. ನೀಲಿ ಕತ್ತಲು, ಸೆಖೆ, ಮುಂದಿನವನ ಹಿಮ್ಮಡಿ. ಎಡಕ್ಕೆ ಹೋಗುತ್ತಿದ್ದೇವೋ ಬಲಕ್ಕೋ ತಿಳಿಯದು. ಹೊರಗೆ ಜನ ಕೂಗುತ್ತಾರೆ, ಜೈಕಾರವೋ ಗೇಲಿಯೋ ಗೊತ್ತಾಗುವುದಿಲ್ಲ. ಕಳೆದ ಆರು ತಿಂಗಳಿಂದ ನನ್ನ ತಲೆಯ ಒಳಗೂ ಹೀಗೇ ಇದೆ. ನಾನು ಕೋಲನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದೆ. ಗಡ್ಡದವನು ಕಿವಿಯಲ್ಲಿ ಕಿರುಚಿದ: "ಮೇಲೆ ಕೆಳಗೆ! ಯಜಮಾನ್ರೇ, ಮೇಲೆ ಕೆಳಗೆ! ಪಕ್ಕಕ್ಕೆ ಆಡಿಸೋದು ಮೀನು! ನೀವು ಮೀನಾಗ್ಬೇಡಿ!" ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ ಬಂತು. ತಿಮಿಂಗಿಲದ ಬಾಲ ಬೀದಿಯ ನಡುವೆ ಅಷ್ಟು ಹೊತ್ತು ಯಾಕೆ ನಡುಗಿತು ಎಂದು ನೋಡಿದವರಿಗೆ ತಿಳಿದಿರಲಾರದು.

ಒಂದು ಕಡೆ ನಿಂತೆವು. ಕ್ಷೌರದವನ ದನಿ ಕೇಳಿ ನಮ್ಮ ಬೀದಿಯೆಂದು ಗೊತ್ತಾಯಿತು. "ಅಬ್ಬಬ್ಬಾ, ಇದು ತೂಗಿದ್ರೆ ಎಷ್ಟಾಗ್ಬಹುದೋ! ಎಲ್ಲಿ ನಮ್ಮ ಮಹಾಶಯ? ಕೇಳೋಣ ಅಂದ್ರೆ ಅಂಗಡಿ ಮುಚ್ಚಿದಾನೆ" ಎನ್ನುತ್ತಿದ್ದ. ಹೊರಗೆ ಕಾಣುವ ಕಾಲನ್ನು ಆದಷ್ಟು ಒಳಗೆ ಎಳೆದುಕೊಂಡೆ. ಆಗ ಟಾರ್ಪಾಲಿನ್ ಅಡಿಯಿಂದ ಒಂದು ಕೈ ಒಳಗೆ ಬಂತು, ಕೈಯಲ್ಲಿ ನೀರಿನ ಲೋಟ. ಹೆಬ್ಬೆರಳಿನ ಮೇಲೆ ಸುಟ್ಟ ಕಲೆ, ನಿಮ್ಮಮ್ಮನದೇ. "ಕುಡೀರಿ" ಎಂದಿತು ದನಿ, ಮೆಲ್ಲಗೆ. "ಇಡೀ ಊರಲ್ಲಿ ಕುಂಟೋ ತಿಮಿಂಗಿಲ ಇದೊಂದೇ." ಅರ್ಧ ಕುಡಿದು ಉಳಿದದ್ದನ್ನು ಗಡ್ಡದವನಿಗೆ ಕೊಟ್ಟೆ. ಅವನು ಯಾವ ಲೋಟ, ಯಾರ ಮನೆಯದು ಎಂದು ಕೇಳದೆ ಕುಡಿದ.

ಮರುದಿನ ಭಾನುವಾರ, ಅಂಗಡಿಗೆ ಹೆಚ್ಚು ಗಿರಾಕಿಯ ದಿನ. ಬೆಳಿಗ್ಗೆ ಕತ್ತಿ ಹಿಡಿದು ನಿಂತಾಗ ನಿನ್ನ ಪ್ರಶ್ನೆಯನ್ನು ಬೇಕೆಂದೇ ನೆನಪು ಮಾಡಿಕೊಂಡೆ. ಇವತ್ತು ಏನಾದರೂ ಅನ್ನಿಸುತ್ತದೆ, ಅನ್ನಿಸಲೇಬೇಕು ಎಂದು ಕಾದೆ. ಕೈ ನಡುಗುತ್ತದೆ, ಕಣ್ಣು ತುಂಬುತ್ತದೆ, ನಿನಗೆ ಬರೆಯಬಹುದು ಎಂದುಕೊಂಡೆ. ಏನೂ ಆಗಲಿಲ್ಲ. ಹೊಟ್ಟೆ ಮುಟ್ಟಿ ನೋಡಿದೆ, ಕತ್ತಿ ಸರಿಯಾಗಿ ಮಸೆದಿತ್ತು, ಕುರಿ ನನ್ನನ್ನು ನಂಬಿತ್ತು, ಕೆಲಸ ಮುಗಿಯಿತು. ಏನೂ ಅನ್ನಿಸಲಿಲ್ಲ ಎಂಬುದೇ ದಿನವಿಡೀ ಕೊರೆಯಿತು. ಏನೂ ಅನ್ನಿಸದವನಿಗೆ ಏನೂ ಅನ್ನಿಸಲಿಲ್ಲವಲ್ಲ ಎಂದು ಕೊರೆಯುತ್ತದೆಯೇ? ನೀನು ಓದಿದವಳು, ನೀನೇ ಹೇಳು. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಸುಳ್ಳು ಸೇರಿಸಿದರೆ ಇನ್ನೂ ಚೆನ್ನಾಗಿರುತ್ತಿತ್ತು.

ತಿಮಿಂಗಿಲಗಳ ವಿಷಯ ಮಾತ್ರ ನನಗೆ ಸಂಶಯವಿಲ್ಲ. ಯಾಕೆಂದು ನೆಟ್ಟಗೆ ಹೇಳಲು ಬಾರದು, ಆದರೆ ಅವನ್ನು ಬಿಟ್ಟುಬಿಡಬೇಕು. ದೇಶಗಳ ಸಭೆ ಮುಂದಿನ ತಿಂಗಳು. ಮಂತ್ರಿ ಕೈ ಎತ್ತುತ್ತಾನೋ ಕಿಸೆಯಲ್ಲಿಡುತ್ತಾನೋ ನೋಡಬೇಕು. ಸಹಿಗಳ ಪೆಟ್ಟಿಗೆ ಹೊರಡುವಾಗ ಕಾರ್ಯದರ್ಶಿ ನನ್ನ ಅಂಗಡಿಯ ಹಾಳೆಗಳನ್ನು ತೋರಿಸಿದಳು. ಕೆಲವದರ ಅಂಚಿನಲ್ಲಿ ಬೆರಳ ಗುರುತು ಇತ್ತು, ಬೇರೆ ಪ್ರತಿ ಮಾಡೋಣವೇ ಎಂದೆ. "ಬೇಡ, ಹಾಗೇ ಹೋಗ್ಲಿ" ಎಂದಳು.

ಇನ್ನೊಂದು ಸುದ್ದಿ. ಹಿತ್ತಿಲಲ್ಲಿ ಒಂದು ಗಬ್ಬದ ಕುರಿ ಕಟ್ಟಿದ್ದೇನೆ, ಮುಖದ ಮೇಲೆ ಕಪ್ಪು ಮಚ್ಚೆ. ತಂದವನು ವಾಪಸ್ಸು ಒಯ್ಯಲು ಬರಲೇ ಇಲ್ಲ. ಅಮ್ಮ ಅದಕ್ಕೆ ಬಯ್ಯುತ್ತಲೇ ಸೊಪ್ಪು ಹಾಕುತ್ತಾಳೆ. ನಿಮ್ಮ ಹಡಗು ದಡ ಸೇರುವ ಹೊತ್ತಿಗೆ ಈಯಬಹುದು. ಈ ಸಲ ನಿಜವಾಗಿಯೂ ಗಬ್ಬವೇ, ಟಗರಲ್ಲ.

ಗಾಳಿಗೆ ಕಿವಿ ಮುಚ್ಚಿಕೋ. ಈಟಿ ಹಿಡಿದವರ ಹಡಗಿನ ಹತ್ತಿರ ಹೋಗುವಾಗ ಹುಷಾರು, ಅವರಿಗೂ ಒಬ್ಬ ಅಪ್ಪ ಇರುತ್ತಾನೆ, ಅವನಿಗೂ ಏನೂ ತಿಳಿಯುತ್ತಿರುವುದಿಲ್ಲ ಎಂದು ನೆನಪಿಟ್ಟುಕೋ. ನೀನು ಕಾಯುವ ಪ್ರಾಣಿಗಳೆಲ್ಲ ನಿನ್ನನ್ನೂ ಕಾಯಲಿ. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಮೊದಲ ದಿನ ಆ ಫೋಟೋದ ಮುಂದೆ ಕಾರ್ಯದರ್ಶಿ ನಿನ್ನ ಮೇಲೆ ಬೆರಳಿಟ್ಟು ಹೇಳಿದಳು: "ಇವಳು ನಮ್ಮೂರಿನ ಹುಡುಗೀನೇ. ಹಡಗಲ್ಲಿ ಎಲ್ರಿಗೂ ಬ್ರೆಡ್ ಮಾಡೋಳು ಇವಳೇ. ಇವಳಪ್ಪಂದು ಬೇಕರಿಯಂತೆ. ತುಂಬಾ ಮೆತ್ತನೆ ಮನುಷ್ಯರಂತೆ. ಬೆಳಗಾಗೋಕೆ ಮುಂಚೆ ಎದ್ದು ಹೋಗ್ತಿದ್ರಂತೆ. ಬಂದ ಮೇಲೆ ಇವಳ ಕೆನ್ನೆ ಮುಟ್ಟೋಕೆ ಮುಂಚೆ ನಿಂಬೆ ಸಿಪ್ಪೇಲಿ ಕೈ ಉಜ್ಕೋತಿದ್ರಂತೆ." ಬೇಕರಿಯವನಿಗೆ ನಿಂಬೆ ಸಿಪ್ಪೆ ಯಾಕೆ ಎಂದು ಆಕೆಗೆ ಹೊಳೆಯಲಿಲ್ಲ. ನೋವಾಯಿತು ಗುಬ್ಬಿ, ಬಹಳ ನೋವಾಯಿತು. ಅಂಗಡಿಯೊಂದನ್ನು ಬಿಟ್ಟು ಮಿಕ್ಕ ನನ್ನನ್ನೆಲ್ಲ ನೀನು ಹಡಗಿಗೆ ಒಯ್ದಿದ್ದೀಯ ಎಂದು ಸಂತೋಷಪಡಬೇಕೋ ಏನೋ ತಿಳಿಯಲಿಲ್ಲ, ಇನ್ನೂ ತಿಳಿದಿಲ್ಲ. ನಿನ್ನ ಮಾತನ್ನು ನಾನೇ ಹೋಗಿ ಸುಳ್ಳು ಮಾಡಬಾರದೆಂದು ಎಲ್ಲಿಯೂ ಬಾಯಿ ಬಿಡಲಿಲ್ಲ. ಅಮ್ಮನಿಗೂ ಹೇಳಿಲ್ಲ. ಹಡಗಿನವರನ್ನು ಮನೆಗೆ ಕರೆತರುವುದಾದರೆ ಮೊದಲೇ ತಿಳಿಸು, ಅಂಗಡಿಯ ಬಾಗಿಲೆಳೆದು, ಮೂಲೆಯ ಬೇಕರಿಯಿಂದ ಬ್ರೆಡ್ ತಂದಿಡುತ್ತೇನೆ. ಒಬ್ಬಳೇ ಬರುವುದಾದರೆ ತಿಳಿಸುವುದು ಬೇಡ.